ವಾರಕ್ಕೊಮ್ಮೆ ತೆಗೆಯತಕ್ಕ ಬೋರ್ಡು

ನೊಣವಿನಕೆರೆ
12 ಜೂನ್ 1996

ಪರಮೇಶಣ್ಣ,

ಇಲ್ಲಿ ಮಾವನವರು, ನಿನ್ನ ಭಾವ, ಎರಡು ಎಮ್ಮೆ, ಒಂದು ಕಾರು, ಎಲ್ಲರೂ ಕ್ಷೇಮ. ನೀನು ಊರಿಗೆ ಬಂದು ಮೂರು ವರ್ಷವಾಯಿತು. ಪುಣೆಯ ದೊಡ್ಡ ಫ್ರಿಜ್ ಕಂಪನಿಯಲ್ಲಿರುವವರಿಗೆ ರಜೆ ಸಿಗುವುದು ಕಷ್ಟ ಎಂದು ಕೇಳಿದವರಿಗೆಲ್ಲ ನಾನೇ ಹೇಳುತ್ತಿದ್ದೇನೆ. ಹೇಳಿ ಹೇಳಿ ಈಗ ನನಗೂ ನಂಬಿಕೆ ಬಂದಿದೆ.

ಈಗ ಒಂದು ಗುಟ್ಟು. ನಾನು ವ್ಯಾಪಾರಸ್ಥಳಾಗಿದ್ದೇನೆ. ಕಾಯಿ ಒಬ್ಬಟ್ಟು. ಹೋದ ಕಾರ್ತಿಕದಲ್ಲಿ ಯಾರದೋ ನಾಮಕರಣಕ್ಕೆ ಇನ್ನೂರು ತಟ್ಟಿಕೊಟ್ಟೆ. ತಿಂದವರು ಸುಮ್ಮನಿರಬೇಕಲ್ಲ, ಬಾಯಿ ಬಿಟ್ಟರು. ಈಗ ತುರುವೇಕೆರೆ, ದಬ್ಬೇಘಟ್ಟದವರೆಗೂ ಹೋಗುತ್ತದೆ. ನಾನು ಹೂರಣ ರುಬ್ಬುತ್ತೇನೆ, ಮನೆಗೆಲಸದ ರಾಮಕ್ಕ ತಟ್ಟುತ್ತಾಳೆ, ಕಾರಿನ ಡ್ರೈವರ್ ಹುಚ್ಚರಂಗಯ್ಯ ಬುಟ್ಟಿ ಹೊತ್ತು ತಲುಪಿಸುತ್ತಾನೆ. ಮಾವನವರು ಮಾತ್ರ ಇದೆಲ್ಲ ಬಂಧುಗಳ ಮನೆಗೆ ಮಾಡುವ ಉಪಕಾರ ಎಂದುಕೊಂಡಿದ್ದಾರೆ. ನಮಗೆ ಇಷ್ಟೊಂದು ಬಂಧುಗಳು ಯಾವಾಗ ಆದರು ಎಂದು ಮೊನ್ನೆ ಬೆರಳು ಮಡಿಸಿ ಎಣಿಸುತ್ತಿದ್ದರು ಪಾಪ.

ಅವರಿಗೆ ಹೇಳಲಾರೆ. ಎರಡು ವರ್ಷದ ಹಿಂದೆ ಪಕ್ಕದ ಬೀದಿಯ ಸಿದ್ದಕ್ಕ ಉಪ್ಪಿನಕಾಯಿ ಡಬ್ಬಿಗೆ ತನ್ನ ಹೆಸರು ಅಂಟಿಸಿ ಅಂಗಡಿಗೆ ಹಾಕಿದಾಗ, ಇವರು ಜಗಲಿಯ ಮೇಲೆ ಕೂತು, "ಹೆಸ್ರು ಹಾಕ್ಕೊಂಡು ಮಾರೋಕೆ ನಾಚ್ಕೆ ಬ್ಯಾಡ್ವಾ?" ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನಲವತ್ತು ವರ್ಷದಿಂದ ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಮಾರಿದ ಮನೆ. ಸೊಸೆ ಒಬ್ಬಟ್ಟು ಮಾರುತ್ತಾಳೆ ಎಂದರೆ ಕಾರಿನ ಬೀಗದ ಕೈ ಅಂದೇ ಅವರ ಜೇಬು ಸೇರುತ್ತದೆ. ಕಾರಿಲ್ಲದಿದ್ದರೆ ನನ್ನ ಒಬ್ಬಟ್ಟು ಊರ ಬಾಗಿಲೂ ದಾಟುವುದಿಲ್ಲ.

ಆದರೂ ಒಂದು ಆಸೆ. ಬೋರ್ಡು. ಎಳನೀರು ಬುರುಡೆಯ ಹಸಿರಿನ ನಮ್ಮ ಅಂಬಾಸಿಡರ್ ಕಾರಿನ ಬಾಗಿಲ ಮೇಲೆ ನನ್ನ ಹೆಸರು. ಮದುವೆ ಕಾರ್ಡಿನ ನಂತರ ಅದು ಎಲ್ಲೂ ಅಚ್ಚಾಗಿಲ್ಲ ಕಣೋ. ಬಣ್ಣದಲ್ಲಿ ಬರೆಸಿದರೆ ಸಂಜೆ ಅಳಿಸಲಾಗುವುದಿಲ್ಲ. ಕೆರೆ ಏರಿ ದಾಟಿದ ಮೇಲೆ ಅಂಟಿಸಿ, ವಾಪಸು ಬರುವಾಗ ಅದೇ ಏರಿಯ ಮೇಲೆ ಕಿತ್ತುಕೊಳ್ಳುವಂಥ ಬೋರ್ಡು ಬೇಕು. ನಿಮ್ಮ ಕಂಪನಿಯ ಫ್ರಿಜ್ಜಿನ ಬಾಗಿಲು ತಾನಾಗಿಯೇ ಟಪ್ ಎಂದು ಕಚ್ಚಿಕೊಳ್ಳುತ್ತದಲ್ಲ, ಅದರೊಳಗೆ ಏನಿದೆ? ಅದು ಕಾರಿಗೂ ಕಚ್ಚುತ್ತದೆಯೇ?

ನಿನ್ನನ್ನು ಬಿಟ್ಟು ಇನ್ಯಾರನ್ನು ಕೇಳಲಿ? ತಗಡು ಕತ್ತರಿಸಿ ಅರ್ಧ ಮಂಡಿಯ ಕೊಬ್ಬರಿ ಮೂಟೆಗಳಿಗೆ ಅಚ್ಚು ಮಾಡಿಕೊಟ್ಟವನು ನೀನು. ನಮ್ಮ ಮಾವನವರ ಮೂಟೆಗೆ ಇವತ್ತಿಗೂ ನೀನು ಕತ್ತರಿಸಿದ ಅಚ್ಚಿನಲ್ಲೇ ನೀಲಿ ಬಳಿಯುತ್ತಾರೆ.

ನಿನ್ನ ತಂಗಿ,
ಗಿರಿಜಾ


ಪುಣೆ
5 ಜುಲೈ 1996

ಶ್ರೀಮತಿ ಗಿರಿಜಾಂಬಿಕಾ, ಸಂಸ್ಥಾಪಕಿ, ಮಾಲೀಕಳು ಹಾಗೂ ಪ್ರಧಾನ ಹೂರಣಾಧಿಕಾರಿ, ಇವರ ಸನ್ನಿಧಾನಕ್ಕೆ,

ತಮ್ಮ ಮನವಿಯನ್ನು ಕಂಪನಿಯ ಉನ್ನತ ಮಟ್ಟದಲ್ಲಿ, ಅಂದರೆ ನಾನು ಕೂರುವ ಸ್ಟೂಲಿನ ಮಟ್ಟದಲ್ಲಿ, ಕೂಲಂಕಷವಾಗಿ ಪರಿಶೀಲಿಸಲಾಯಿತು. ಫ್ರಿಜ್ಜಿನ ಬಾಗಿಲ ಸುತ್ತ ಬಿಳಿ ರಬ್ಬರಿನ ಅಂಚು ಇರುತ್ತದೆ. ಅದರ ಹೊಟ್ಟೆ ಸೀಳಿದರೆ ಹುಣಸೆಬೀಜದ ಬಣ್ಣದ, ಬೆಲ್ಟಿನಂತೆ ಬಳುಕುವ ಪಟ್ಟಿ ಸಿಗುತ್ತದೆ. ಅದೇ ಆಯಸ್ಕಾಂತ. ನಮ್ಮ ಎಂಜಿನಿಯರುಗಳು ನಿನಗಾಗಿಯೇ ವಿಶೇಷವಾಗಿ ತಯಾರಿಸಿದ ಹದಿನೆಂಟು ಪಟ್ಟಿಗಳನ್ನು ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಜತನ.

ಮಾಡುವ ವಿಧಾನ ಹೀಗಿದೆ. ಎರಡಡಿ ಉದ್ದ, ಒಂದಡಿ ಅಗಲದ ದಪ್ಪ ರೆಕ್ಸಿನ್ ತೆಗೆದುಕೊಳ್ಳತಕ್ಕದ್ದು. ಮೂಲೆಗಳನ್ನು ದುಂಡಗೆ ಕತ್ತರಿಸತಕ್ಕದ್ದು, ಏಕೆಂದರೆ ಚೂಪು ಮೂಲೆ ಗಾಳಿಗೆ ನಾಲಿಗೆ ಚಾಚುತ್ತದೆ. ಹಿಂಬದಿಗೆ ಪಟ್ಟಿಗಳನ್ನು ಒತ್ತೊತ್ತಾಗಿ ಚಪ್ಪಲಿ ಗೋಂದಿನಲ್ಲಿ ಅಂಟಿಸಿ, ಮೇಲೆ ರುಬ್ಬುಗುಂಡು ಹೇರಿ ಒಂದು ಹಗಲು ಒಂದು ರಾತ್ರಿ ಬಿಡತಕ್ಕದ್ದು. ಮುಂಬದಿಗೆ ಎನಾಮಲ್ ಬಣ್ಣ. ಅಕ್ಷರ ದಪ್ಪಗಿರಲಿ, ಓಡುವ ಕಾರನ್ನು ಓದುವವನಿಗೆ ನಿನ್ನ ಹಾಗೆ ಪುರುಸೊತ್ತು ಇರುವುದಿಲ್ಲ. ಬಾಗಿಲನ್ನು ಒರೆಸಿ ಒಣಗಿಸಿದ ಮೇಲೆಯೇ ಹಚ್ಚತಕ್ಕದ್ದು. ಕೊನೆಯದಾಗಿ, ಬೋರ್ಡನ್ನು ವಾರಕ್ಕೊಮ್ಮೆಯಾದರೂ ತೆಗೆಯತಕ್ಕದ್ದು. ತೆಗೆಯದಿದ್ದರೆ ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಅಡಿಯ ಬಣ್ಣ ಹಾಗೇ ಉಳಿದು, ಬಾಗಿಲಿಗೆ ತೇಪೆ ಹಾಕಿದಂತೆ ಗುರುತು ಬೀಳುತ್ತದೆ. ದಿನಾ ಕದ್ದು ತೆಗೆಯುವ ನಿನಗೆ ಈ ನಿಯಮ ಅನ್ವಯಿಸುವುದಿಲ್ಲ, ಆದರೂ ಶಾಸ್ತ್ರಕ್ಕೆ ಹೇಳಬೇಕು.

ಆ ತಗಡಿನ ಅಚ್ಚು ಇನ್ನೂ ಇದೆಯೇ! ಅದನ್ನು ಕತ್ತರಿಸುವಾಗ ನನ್ನ ಹೆಬ್ಬೆರಳೂ ಅರ್ಧ ಕತ್ತರಿಸಿತ್ತು. ನೀನು ಗಾಯಕ್ಕೆ ಕಾಫಿಪುಡಿ ಮೆತ್ತಿ, "ಈಗ ಅಣ್ಣನ ಬೆರಳು ಘಮಘಮ" ಅಂದಿದ್ದೆ. ಇಲ್ಲಿ ಯಾರ ಮನೆಯಲ್ಲಾದರೂ ಕೊಬ್ಬರಿ ತುರಿದರೆ ನಾನು ಬೀದಿಯಲ್ಲೇ ಒಂದು ಕ್ಷಣ ನಿಂತುಬಿಡುತ್ತೇನೆ.

ರಜೆಯ ವಿಷಯ ಮುಂದೆ ನೋಡೋಣ. ಕೆಲಸ ವಿಪರೀತ.

ಪರಮೇಶ್


ನೊಣವಿನಕೆರೆ
28 ಆಗಸ್ಟ್ 1996

ಪರಮೇಶಣ್ಣ,

ಕಚ್ಚಿತು ಕಣೋ! ಟಪ್ ಅಂತು!

ಮೊದಲು ಒಂದು ದೂರು. ನಿಮ್ಮ ಎಂಜಿನಿಯರುಗಳು ವಿಶೇಷವಾಗಿ ತಯಾರಿಸಿದ ಪಟ್ಟಿಗಳಿಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಯಾಕೆ ಬರುತ್ತದೆ? ಒಂದರ ಮೇಲೆ ಯಾವುದೋ ಮಗು ಅಂಟಿಸಿದ ಗಿಣಿಯ ಚಿತ್ರ ಅರ್ಧ ಇತ್ತು. ರಾಮಕ್ಕ ಮೂಸಿ ನೋಡಿ, "ಇದ್ಯಾವ್ದೋ ಮಾಂಸ ತಿನ್ನೋರ್ ಮನೇದು ಕಣ್ರವ್ವ" ಎಂದು ಮೂರು ಸಲ ಸೀಗೆಪುಡಿ ಹಾಕಿ ತೊಳೆದಳು. ದೊಡ್ಡ ಕಂಪನಿಗಳಲ್ಲಿ ಪರೀಕ್ಷೆ ಮಾಡಲು ಫ್ರಿಜ್ಜಿನಲ್ಲಿ ಸಾರು ಇಟ್ಟು ನೋಡುತ್ತಾರೇನೋ ಎಂದು ನಾನೇ ಸಮಾಧಾನ ಹೇಳಿದೆ.

ಹಳೆ ಬಸ್ಸಿನ ಸೀಟಿನ ರೆಕ್ಸಿನ್, ರುಬ್ಬುಗುಂಡು, ದುಂಡು ಮೂಲೆ, ಎಲ್ಲ ನಿನ್ನ ಶಾಸ್ತ್ರದಂತೆಯೇ. ಹಳದಿ ನೆಲ, ಕೆಂಪು ಅಕ್ಷರ. "ಗಿರಿಜಾ ಕಾಯಿ ಒಬ್ಬಟ್ಟು. ಮದುವೆ, ನಾಮಕರಣ, ಬೀಗರೂಟಕ್ಕೆ." ಅಷ್ಟೇ. ಊರು, ಮನೆ ಏನೂ ಹಾಕಿಲ್ಲ. ಈ ಸೀಮೆಯಲ್ಲಿ ಕಲ್ಲು ಎಸೆದರೆ ಒಬ್ಬ ಗಿರಿಜೆಗೆ ಬೀಳುತ್ತದೆ. ಯಾರಾದರೂ ಮಾವನವರ ಹತ್ತಿರ ಹೇಳಿದರೂ ಅವಳು ಬೇರೆ ಗಿರಿಜಾ ಎನ್ನಬಹುದು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೊದಲ ದಿನ ಕೆರೆ ಏರಿ ದಾಟಿದ ಮೇಲೆ ಹುಚ್ಚರಂಗಯ್ಯ ಕಾರು ನಿಲ್ಲಿಸಿದ. ನಾನೇ ಇಳಿದು ಹಚ್ಚಿದೆ. ಆಮೇಲೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದೆ. ಹುಚ್ಚರಂಗಯ್ಯ, "ಹತ್ರಿ ಅಮ್ಮಾರೇ, ಒಬ್ಬಟ್ಟು ಆರೋಯ್ತವೆ" ಅಂದ. ಆರಲಿ ಬಿಡು ಅಂದೆ.

ಸಂಜೆ ವಾಪಸು ಬರುವಾಗ ಕಿತ್ತು, ಸೀಟಿನ ಕೆಳಗೆ ಮಾವನವರ ವಚನದ ಕ್ಯಾಸೆಟ್ಟುಗಳ ಡಬ್ಬಿಯ ಮೇಲೆ ಮಲಗಿಸುತ್ತೇವೆ. ಅದರ ಮೇಲೆ ಕೂತೇ ಅವರು ಬುಧವಾರ, ಶನಿವಾರ ಮಂಡಿಗೆ ಹೋಗುತ್ತಾರೆ. ಪಾಪಪ್ರಜ್ಞೆ ಇದೆ, ಆದರೆ ಒಬ್ಬಟ್ಟಿನ ಲೆಕ್ಕಕ್ಕಿಂತ ಕಡಿಮೆ.

ದೀಪಾವಳಿಗೆ ಬಾ. ಕಂಪನಿಯವರಿಗೆ ನಾನೇ ಬೇಕಾದರೆ ಕಾಗದ ಬರೆಯುತ್ತೇನೆ. ಅವರ ವಿಳಾಸ ಕಳಿಸು.

ಗಿರಿಜಾ


ಪುಣೆ
20 ಸೆಪ್ಟೆಂಬರ್ 1996

ಗಿರಿಜಾ,

ಕಂಪನಿಗೆ ಬರೆಯಬೇಡ. ಅವರಿಗೆ ಕನ್ನಡ ಬರುವುದಿಲ್ಲ. ನನ್ನ ಮನೆಯ ವಿಳಾಸ ಬದಲಾಗಿದೆ, ಲಕೋಟೆಯ ಹಿಂದೆ ಇದೆ, ಇನ್ನು ಮುಂದೆ ಅಲ್ಲಿಗೇ ಬರೆ. ವಿಶಾಲವಾದ ಜಾಗ; ಅಂಗಳ, ನಲ್ಲಿ, ಬಚ್ಚಲು ಎಲ್ಲವನ್ನೂ ಹನ್ನೆರಡು ಸಂಸಾರಗಳು ಪ್ರೀತಿಯಿಂದ ಹಂಚಿಕೊಂಡಿದ್ದೇವೆ.

ತುರ್ತು ಸೂಚನೆ: ಆಯಸ್ಕಾಂತವನ್ನು ಕ್ಯಾಸೆಟ್ಟಿನ ಹತ್ತಿರ ಇಡಬಾರದು. ಕೂಡಲೇ ತೆಗೆ. ಅದು ಕ್ಯಾಸೆಟ್ಟಿನಲ್ಲಿರುವುದನ್ನು ಒರೆಸಿ ತಿನ್ನುತ್ತದೆ.

ದೀಪಾವಳಿಗೆ ಆಗುವುದಿಲ್ಲ. ಭಾವನಿಗೆ ಹೇಳು.

ಪರಮೇಶ್


ನೊಣವಿನಕೆರೆ
15 ನವೆಂಬರ್ 1996

ಪರಮೇಶಣ್ಣ,

ನಿನ್ನ ತುರ್ತು ಸೂಚನೆ ತಲುಪುವ ಹೊತ್ತಿಗೆ ವಚನಗಳೆಲ್ಲ ಬಯಲಾಗಿದ್ದವು. ಮಾವನವರು ಕಾರಿನಲ್ಲಿ ಕ್ಯಾಸೆಟ್ ಹಾಕಿದರೆ ಬರೀ ಎಣ್ಣೆಯಲ್ಲಿ ಕರಿಬೇವು ಸಿಡಿಯುವ ಸದ್ದು. ಮೂರು ಸಲ ತಿರುಗಿಸಿ ಹಾಕಿ, "ಏನ್ಲಾ ಹುಚ್ಚರಂಗ, ಶರಣ್ರೆಲ್ಲ ಎದ್ದೋದ್ರಾ?" ಅಂದರಂತೆ. ಹುಚ್ಚರಂಗಯ್ಯ ಬೆವೆತುಹೋಗಿದ್ದ.

ಅದು ಸಣ್ಣ ಸುದ್ದಿ. ದೊಡ್ಡ ಸುದ್ದಿ ಏನೆಂದರೆ ಬೋರ್ಡು ಕಳೆದುಹೋಯಿತು.

ನಿನ್ನ ಪಟ್ಟಿಗೆ ಶಕ್ತಿ ಕುಂದಿದೆ. ಮೊದಲ ತಿಂಗಳು ಉಡದ ಹಾಗೆ ಹಿಡಿದಿತ್ತು. ಆಮೇಲೆ ಸಂಜೆಯಾಗುವುದರೊಳಗೆ ಎರಡು ಬೆರಳು ಕೆಳಗೆ ಜಾರುವುದು; ಆಮೇಲೆ ನಾಲ್ಕು. ತುರುವೇಕೆರೆಯಲ್ಲಿ ಯಾರೋ, "ಏನ್ರಿ, ನಿಮ್ಮ ಬೋರ್ಡು ಪಂಚೆ ಜಾರ್ದಂಗೆ ಜಾರ್ತೈತಲ್ಲ" ಅಂದರು. ಮೊನ್ನೆ ಸೋಮವಾರ ಏರಿಯ ತಿರುವಿನಲ್ಲಿ ಎಲ್ಲೋ ಬಿದ್ದಿದೆ. ನಾನೂ ಹುಚ್ಚರಂಗಯ್ಯನೂ ಅರ್ಧ ಏರಿ ಹುಡುಕಿದೆವು. ಸಿಕ್ಕಲಿಲ್ಲ. ಯಾರ ಕೈಗೆ ಸಿಕ್ಕಿದೆಯೋ ಎಂದು ಒಂದು ಭಯ. ಇನ್ನೊಂದು, ನಗಬೇಡ, ನನ್ನ ಹೆಸರು ರಸ್ತೆಯ ಮೇಲೆ ಒಂಟಿಯಾಗಿ ಬಿದ್ದಿದೆಯಲ್ಲ ಎಂದು ಸಂಕಟ.

ನಿಮ್ಮ ಎಂಜಿನಿಯರುಗಳಿಗೆ ಛೀಮಾರಿ ಹಾಕು. ಇನ್ನೊಂದು ಸೆಟ್ಟು ಕಳಿಸು. ಹೊಸದು, ಒಗ್ಗರಣೆ ಇಲ್ಲದ್ದು. ಇಷ್ಟು ದೊಡ್ಡ ಕಂಪನಿಯಲ್ಲಿ ತಂಗಿಗೆ ನಾಲ್ಕು ಹೊಸ ಪಟ್ಟಿ ಕೇಳಲು ಏನು ಸಂಕೋಚ?

ಗಿರಿಜಾ


ಪುಣೆ
2 ಡಿಸೆಂಬರ್ 1996

ಗಿರಿಜಾ,

ಆಯಸ್ಕಾಂತದ ಶಕ್ತಿ ಎರಡು ತಿಂಗಳಲ್ಲಿ ಕುಂದುವುದಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡೆ. ನಾಲ್ಕನೆಯ ದಿನ ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ ಹೊಳೆಯಿತು. ನಿಜ ಹೇಳು, ಹುಚ್ಚರಂಗಯ್ಯ ಕಾರಿಗೆ ಏನು ಬಳಿಯುತ್ತಾನೆ?

ನೀನು ಉತ್ತರಿಸುವುದು ಬೇಡ. ಕೊಬ್ಬರಿ ಎಣ್ಣೆ! ಪುಣೆಯ ಯಾವ ಪಂಡಿತನಿಗೂ ಇದು ತಿಳಿಯುತ್ತಿರಲಿಲ್ಲ. ನಮ್ಮ ಕಡೆಯವನಿಗೆ ಮಾತ್ರ ತಿಳಿಯಬೇಕು. ತಲೆಗೆ ಅದೇ, ದೀಪಕ್ಕೆ ಅದೇ, ಬಾಗಿಲ ಕೀಲಿಗೆ ಅದೇ, ಸುಟ್ಟ ಗಾಯಕ್ಕೆ ಅದೇ. ಹೊಳೆಯಲಿ ಎಂದು ಕಾರಿಗೂ ಅದೇ. ಅಪ್ಪ ಸೈಕಲ್ಲಿಗೆ ಬಳಿಯುತ್ತಿದ್ದದ್ದು ನೆನಪಿದೆಯೇ? ಬೆಳಿಗ್ಗೆ ಕನ್ನಡಿ, ಸಂಜೆಗೆ ಅರ್ಧ ತಾಲ್ಲೂಕಿನ ಧೂಳು. ಅದರ ಹಿಂದಿನ ಕ್ಯಾರಿಯರ್ ಮೇಲೆ ಕೂತು ಮಂಡಿಗೆ ಹೋದರೆ ನನ್ನ ಚಡ್ಡಿಯೂ ಘಮಘಮ.

ಎಣ್ಣೆಯ ಮೇಲೆ ಆಯಸ್ಕಾಂತ ಹಿಡಿಯುತ್ತದೆ, ಆದರೆ ನಿಲ್ಲುವುದಿಲ್ಲ. ಕೆಲವು ಸಂಬಂಧಿಕರ ಹಾಗೆ. ಬಾಗಿಲನ್ನು ಸೋಪಿನಲ್ಲಿ ತೊಳೆಸು. ಹುಚ್ಚರಂಗಯ್ಯನಿಗೆ ಎಣ್ಣೆ ಸ್ವಂತ ತಲೆಗೆ ಹಾಕಿಕೊಳ್ಳಲು ಹೇಳು.

ಹೊಸ ಪಟ್ಟಿಗಳನ್ನು ಕೇಳಿದ್ದೀಯೆ. ಸದ್ಯಕ್ಕೆ ಸಿಕ್ಕಿದ್ದು ಇವು ಹತ್ತು. ಒಗ್ಗರಣೆ ಇಲ್ಲದಂತೆ ನಾನೇ ಎರಡು ಸಲ ತೊಳೆದಿದ್ದೇನೆ.

ಪರಮೇಶ್


ನೊಣವಿನಕೆರೆ
19 ಜನವರಿ 1997

ಪರಮೇಶಣ್ಣ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸೈರಿಸಿಕೋ.

ಕಳೆದುಹೋದ ಬೋರ್ಡು ಎಲ್ಲಿತ್ತು ಗೊತ್ತೇ? ಬಸ್ಸಿನ ಮೇಲೆ. ಇವತ್ತು ರಾಮಕ್ಕ ಎಲ್ಲ ಕೇಳಿಕೊಂಡು ಬಂದಳು. ತಿಪಟೂರಿನಿಂದ ನಮ್ಮೂರಿನ ಮೇಲೆ ದಬ್ಬೇಘಟ್ಟಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರ್ ದುರ್ಗಯ್ಯ ಅದನ್ನು ಏರಿಯ ಮೇಲೆ ಕಂಡು ಎತ್ತಿಕೊಂಡು, ಬಸ್ಸಿನ ಬಾಗಿಲ ಹತ್ತಿರ ತಂದನಂತೆ. ಅದು ಕೈಯಿಂದ ಹಾರಿ ಟಪ್ ಎಂದು ಬಸ್ಸಿಗೇ ಕಚ್ಚಿಕೊಂಡಿತಂತೆ. ಕಿತ್ತು ಹಾಕೋಣ ಎಂದವರಿಗೆ, "ಅದೇ ಬಂದು ಹಿಡ್ಕಂಡೈತೆ, ಇರ್ಲಿ ಬುಡ್ರಿ" ಅಂದನಂತೆ. ಎರಡು ತಿಂಗಳಿಂದ, ದಿನಕ್ಕೆ ನಾಲ್ಕು ಟ್ರಿಪ್ಪು, ನನ್ನ ಹೆಸರು ಮೂರು ಹೋಬಳಿ ಸುತ್ತುತ್ತಿದೆ. ಜನ ಟಿಕೆಟ್ ಜೊತೆಗೆ ಒಬ್ಬಟ್ಟನ್ನೂ ಕೇಳುತ್ತಾರಂತೆ. ಬೋರ್ಡಿನಲ್ಲಿ ವಿಳಾಸವಿಲ್ಲ, ಅವನೂ ಏನು ಹೇಳಿಯಾನು?

ನಿನ್ನೆ ಶನಿವಾರ ಕಾರಿನ ಕ್ಲಚ್ಚು ಕೈಕೊಟ್ಟು ತಿಪಟೂರಿನಲ್ಲೇ ಉಳಿಯಿತು. ಮಾವನವರು ಬಸ್ಸಿನಲ್ಲಿ ಬಂದರು. ಅದೇ ಬಸ್ಸು.

ಮನೆಗೆ ಬಂದಾಗ ಕಂಕುಳಲ್ಲಿ ಪೇಪರ್ ಸುತ್ತಿದ ಒಂದು ಸುರುಳಿ ಇತ್ತು. ಪೇಪರಿನ ತುದಿಯಿಂದ ಹಳದಿ ಇಣುಕುತ್ತಿತ್ತು. ನಾನು ಕಾಲಿಗೆ ನೀರು ಕೊಟ್ಟೆ. ಸುರುಳಿಯನ್ನು ತಮ್ಮ ಕೋಣೆಯೊಳಗೆ ಇಟ್ಟು ಬಾಗಿಲು ಎಳೆದುಕೊಂಡರು. ಊಟಕ್ಕೆ ಬಡಿಸಿದೆ. ಒಬ್ಬಟ್ಟು ಹಾಕಿದೆ. ತಿಂದರು, ಆದರೆ ಅದನ್ನು ಮೊದಲ ಸಲ ನೋಡುವವರ ಹಾಗೆ ತಿರುಗಿಸಿ ನೋಡಿ ತಿಂದರು.

ಮುಂದಿನ ಭಾನುವಾರ ದಬ್ಬೇಘಟ್ಟದ ಮದುವೆಗೆ ಎಂಟುನೂರು ಒಪ್ಪಿಕೊಂಡಿದ್ದೇನೆ. ಕಾರು ಸಿಗದಿದ್ದರೆ ಮುಗಿಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಅಣ್ಣ, ಆ ಬೋರ್ಡು ನನಗೆ ವಾಪಸು ಬೇಕು. ಕೇಳಲು ಧೈರ್ಯವಿಲ್ಲ.

ಗಿರಿಜಾ


ಪುಣೆ
27 ಜನವರಿ 1997

ಗಿರಿಜಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಈ ಸಲ ತಮಾಷೆ ಮಾಡಲು ಆಗುತ್ತಿಲ್ಲ, ಕ್ಷಮಿಸು.

ನೀನು ಹೆಸರನ್ನು ಕೆರೆ ಏರಿಯ ಆಚೆ ಹಚ್ಚಿ ಈಚೆ ಕಿತ್ತೆ. ನಾನು ಮೂರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಕಂಪನಿ ನಮ್ಮ ವಿಭಾಗವನ್ನು ಮುಚ್ಚಿ ಮೂರು ವರ್ಷವಾಯಿತು. ಎಂಜಿನಿಯರುಗಳೂ ಇಲ್ಲ, ಸ್ಟೂಲೂ ಇಲ್ಲ. ಸೈಕಲ್ಲಿನ ಹಿಂದೆ ಒಂದು ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಹಳೆ ಫ್ರಿಜ್ ರಿಪೇರಿ ಮಾಡುತ್ತೇನೆ. ನಿನಗೆ ಕಳಿಸಿದ ಪಟ್ಟಿಗಳೆಲ್ಲ ಗುಜರಿಗೆ ಹೋಗುವ ಫ್ರಿಜ್ಜಿನ ಬಾಗಿಲುಗಳಿಂದ ಕಿತ್ತದ್ದು. ಒಗ್ಗರಣೆ ಪುಣೆಯದೇ, ಗಿಣಿಯೂ ಪುಣೆಯದೇ.

ಕೆಲಸದ ಬಗ್ಗೆ ನಾಚಿಕೆಯಿಲ್ಲ, ನಿಂತ ಫ್ರಿಜ್ಜನ್ನು ಮತ್ತೆ ಗುರುಗುಟ್ಟಿಸುವುದು ಸಣ್ಣ ಸುಖವಲ್ಲ. ಆದರೆ ಕಂಪನಿ, ಕಂಪನಿ ಎಂದು ಊರಿಗೆಲ್ಲ ನೀನು ಹೇಳಿದ್ದೀಯೆ. ಅದನ್ನು ಸುಳ್ಳು ಮಾಡಿ ಬಸ್ಸಿನಿಂದ ಇಳಿಯುವುದು ಹೇಗೆ? ನಿನಗೆ ಬೋರ್ಡಿನ ಶಾಸ್ತ್ರ ಬೋಧಿಸಿದ ನಾನು ನನ್ನ ಪೆಟ್ಟಿಗೆಯ ಮೇಲೆ ಒಂದು ಅಕ್ಷರ ಬರೆದಿಲ್ಲ.

ನೀನು ಹೇಳಿದರೆ ನಾಳೆಯೇ ಹೊರಟು ಬರುತ್ತೇನೆ. ನಿನ್ನ ಮಾವ ಪರಮಶಿವಯ್ಯನವರ ಮುಂದೆ ನಿಂತು, ಇದೆಲ್ಲ ನನ್ನ ಕಿತಾಪತಿ, ತಂಗಿಯದು ತಪ್ಪಿಲ್ಲ ಎನ್ನುತ್ತೇನೆ.

ಪರಮೇಶ್


ನೊಣವಿನಕೆರೆ
9 ಫೆಬ್ರುವರಿ 1997

ನನ್ನ ಪೆದ್ದಣ್ಣ,

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಸಿಟ್ಟು ಬಂತು. ಆಮೇಲೆ ರಾಮಕ್ಕನಿಗೆ ಗಿಣಿಯ ಸಂಗತಿ ಹೇಳಿ ಇಬ್ಬರೂ ನಕ್ಕೆವು. ನೀನು ಬಂದು ತಪ್ಪು ಒಪ್ಪಿಕೊಳ್ಳುವ ಅಗತ್ಯವಿಲ್ಲ. ನಡೆದದ್ದನ್ನು ಕೇಳು.

ಮಾವನವರು ಮೂರು ದಿನ ಸುರುಳಿಯನ್ನು ಕೋಣೆಯಲ್ಲೇ ಇಟ್ಟುಕೊಂಡರು. ಬುಧವಾರ ಬೆಳಿಗ್ಗೆ ಮಂಡಿಗೆ ಹೊರಡುವಾಗ ಸುರುಳಿ ಹಿಡಿದು ಜಗಲಿಗೆ ಬಂದರು. ರಿಪೇರಿಯಾಗಿ ಬಂದ ಕಾರಿನ ಪಕ್ಕ ಹುಚ್ಚರಂಗಯ್ಯ ಕಂಬದ ಹಾಗೆ ನಿಂತಿದ್ದ.

"ಇದು ನಿಂದೇನಮ್ಮ?"

"ಹೌದು ಮಾವ."

"ನೀನು ಯಾರ ಮನೆಯೋಳು?"

ಮುಗಿಯಿತು ಅಂದುಕೊಂಡೆ. "ನಿಮ್ಮ ಮನೆಯೋಳು" ಅಂದೆ.

"ಮತ್ತೆ ಅದೆಲ್ಲೈತೆ ಇದ್ರಲ್ಲಿ? ಊರಿಲ್ಲ, ಮನೆಯಿಲ್ಲ. ನಲವತ್ತು ವರ್ಷ ಮಂಡೀಲಿ ಕೂತೀನಿ. ಮಾರ್ಕಿಲ್ಲದ ಮೂಟೆನ ಯಾವನಾದ್ರೂ ಮುಟ್ತಾನಾ? ಮಾರ್ಕಿಲ್ಲ ಅಂದ್ರೆ ಒಂದು ಕದ್ದ ಮಾಲು, ಇಲ್ಲಾ ಕೊಳ್ತ ಮಾಲು. ನಮ್ಮನೆ ಒಬ್ಬಟ್ಟು ಯಾವ್ದು? ಕದ್ದಿದ್ದೋ, ಕೊಳ್ತಿದ್ದೋ?"

ನಾನು ಬಾಯಿ ಬಿಡಲಿಲ್ಲ. ಹುಚ್ಚರಂಗಯ್ಯ ಬಾಯಿ ಮುಚ್ಚಲಿಲ್ಲ.

"ಬಸ್ಸಲ್ಲಿ ಪಕ್ಕದೋನು ಕೇಳ್ದ, ಯಾವ ಗಿರಿಜಾ, ಸ್ವಾಮಿ, ನಿಮ್ಮೂರ್ ಕಡೆಯೋಳಂತಲ್ಲ ಅಂತ. ಗೊತ್ತಿಲ್ಲ ಕಣಪ್ಪ ಅಂದೆ." ಇಲ್ಲಿ ಅವರ ದನಿ ಇಳಿಯಿತು. "ಬಸ್ ಇಳಿಯೋ ಹೊತ್ಗೆ ಕಂಡಕ್ಟ್ರು ಅಂದ, ಇದು ಸಿಕ್ಕಿದ್ದು ನಿಮ್ಮೂರ್ ಕೆರೆ ಏರಿ ಮೇಲೆ ಅಂತ. ಆಗ ಹೊಳೀತು. ನನ್ನ ಸೊಸೆ ಹೆಸ್ರು ನಂಗೆ ಗೊತ್ತಿಲ್ಲ ಅಂತ ನನ್ನ ಬಾಯಿಂದ್ಲೇ ಹೇಳಿಸ್ದೆಯಲ್ಲಮ್ಮ."

"ಬಯ್ತೀರಾ ಅಂತ, ಮಾವ..."

"ಬಯ್ತಿದ್ದೆ. ಬಯ್ಸ್ಕಂಡು ಹಾಕ್ಬೇಕಿತ್ತು."

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ, ಸಿದ್ದಕ್ಕನ ಉಪ್ಪಿನಕಾಯಿ ಡಬ್ಬಿಯ ಮಾತು ಎತ್ತಿದೆ. ಹೆಸರು ಹಾಕಿಕೊಂಡು ಮಾರಲು ನಾಚಿಕೆ ಬೇಡವಾ ಅಂದಿದ್ದಿರಲ್ಲ ಎಂದೆ. ಅವರು ನನ್ನನ್ನು ಪಿಳಿಪಿಳಿ ನೋಡಿದರು.

"ನೀನು ಆ ಉಪ್ಪಿನಕಾಯಿ ತಿಂದಿದ್ದೀಯಾ?"

"ಇಲ್ಲ."

"ತಿಂದ್ ನೋಡು. ಅದುಕ್ಕೆ ಹೆಸ್ರು ಹಾಕ್ಕಳಕೆ ನಾಚ್ಕೆ ಆಗ್ಬೇಕೋ ಬ್ಯಾಡ್ವೋ, ನೀನೇ ಹೇಳು."

ಒಂದೂಕಾಲು ವರ್ಷ, ಅಣ್ಣ! ಒಂದು ಉಪ್ಪಿನಕಾಯಿಯ ವಿಮರ್ಶೆಗೆ ಹೆದರಿ ನಾನು ಒಂದೂಕಾಲು ವರ್ಷ ಬೆವೆತಿದ್ದೇನೆ!

ಅವತ್ತು ಅವರು ಮಂಡಿಗೆ ತಡವಾಗಿ ಹೋದರು. ಒಳಗಿನಿಂದ ತಗಡಿನ ಅಚ್ಚು ತಂದರು, ನೀನು ಹೆಬ್ಬೆರಳು ಕೊಯ್ದುಕೊಂಡು ಕತ್ತರಿಸಿದ್ದು. ಬೋರ್ಡಿನ ಕೆಳಗಡೆ ಖಾಲಿ ಇದ್ದ ಜಾಗದಲ್ಲಿ ಅದನ್ನಿಟ್ಟು, ಮೂಟೆಗೆ ಬಳಿಯುವ ನೀಲಿಯಲ್ಲಿ ತಾವೇ ಬಳಿದರು. "ಪರಮಶಿವಯ್ಯನವರ ಮನೆ, ನೊಣವಿನಕೆರೆ." ಅರವತ್ತೆಂಟರ ಕೈ, ಒಂದು ಹನಿ ಆಚೆ ಈಚೆ ಆಗಲಿಲ್ಲ. ಒಣಗಿದ ಮೇಲೆ ಕಾರಿಗೆ ಹಚ್ಚಿದರು. ಎಣ್ಣೆ ಒರೆಸಿಸಿದ್ದೆ, ಟಪ್ ಅಂತು. ನಾನು, "ಸಂಜೆ ತೆಗೆದಿಡ್ತೀನಿ ಮಾವ" ಅಂದೆ.

"ಮೂಟೆ ಮೇಲಿನ ಮಾರ್ಕ್ನ ಸಂಜೆ ತೆಗೆದಿಡ್ತಾರಾ? ಹಾಕಿದ್ ಮೇಲೆ ಹಾಕ್ದಂಗೆ." ಕಾರಿನಲ್ಲಿ ಕೂತು, ಬಾಗಿಲು ಎಳೆದುಕೊಂಡು, ಗಾಜು ಇಳಿಸಿ ಕೇಳಿದರು: "ಅಂದಂಗೆ, ಶರಣ್ರನ್ನ ಓಡಿಸ್ದೋಳೂ ನೀನೇನಾ?"

ದಬ್ಬೇಘಟ್ಟದ ಎಂಟುನೂರು ಒಬ್ಬಟ್ಟು ಅದೇ ಕಾರಿನಲ್ಲಿ, ಅದೇ ಬೋರ್ಡಿನ ಜೊತೆ ಹೋದವು. ಸಂಜೆ ವಾಪಸು ಬರುವಾಗ ಹುಚ್ಚರಂಗಯ್ಯ ಅಭ್ಯಾಸಬಲದಿಂದ ಏರಿಯ ಮೇಲೆ ನಿಲ್ಲಿಸಿದ. "ನಡಿಯಪ್ಪ ಮನೆಗೆ" ಅಂದೆ.

ಈ ಕಾಗದದ ಜೊತೆಗಿರುವ ಪೊಟ್ಟಣ ಬಿಚ್ಚು. ನೀನು ಕಳಿಸಿದ ಹತ್ತು ಪಟ್ಟಿಗಳಲ್ಲಿ ನಾಲ್ಕು ಹಾಕಿ ನಾನೇ ಮಾಡಿದ್ದು. ತಗಡಿನ ಪೆಟ್ಟಿಗೆಗೆ ಹಿಡಿಯುತ್ತದೆ. ಬಯ್ಸ್ಕಂಡು ಹಾಕು.

ಗಿರಿಜಾ


ಪುಣೆ
16 ಮಾರ್ಚ್ 1997

ಗಿರಿಜಾ,

"ಪರಮೇಶ್, ಫ್ರಿಜ್ ರಿಪೇರಿ, ತಿಪಟೂರಿನವರು." ಹಳದಿ ನೆಲ, ಕೆಂಪು ಅಕ್ಷರ. ಪುಣೆಯಲ್ಲಿ ಇದನ್ನು ಓದಬಲ್ಲವರು ನಾನೊಬ್ಬನೇ ಎಂದು ತಿಳಿದೇ ಹಚ್ಚಿದೆ. ವಠಾರದವರು ಯಾವ ದೇವರ ಮಂತ್ರ ಎಂದು ಕೇಳಿದರು. ಮನೆದೇವರದು ಅಂದೆ.

ಹದಿನೈದು ದಿನ ಒಂದು ನರಪಿಳ್ಳೆಯೂ ಬೋರ್ಡು ನೋಡಿ ಕರೆಯಲಿಲ್ಲ. ನಿನ್ನೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಲಾರಿಯೊಂದರ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು.

"ಯೋ ತಿಪಟೂರು! ನಮ್ದು ಕಂದಿಕೆರೆ ಕಣಯ್ಯೋ!"

ಆರು ಡಿಗ್ರಿ ಬಿಸಿ ಹೆಚ್ಚಾದಂತೆ ಆಯಿತು ಮೈಗೆ. ಹಸಿರು ದೀಪ ಬಂತು, ಹಿಂದಿನವರು ಹಾರನ್ ಹೊಡೆದರು, ಅವನು ಕೊಬ್ಬರಿ ಹೇರಿಕೊಂಡು ಹೊರಟುಹೋದ. ಹೆಸರೂ ಕೇಳಲಿಲ್ಲ. ಲಾರಿಯ ಹಿಂದಿನ ಮೂಟೆಗಳ ಮೇಲೆ ನೀಲಿ ಮಾರ್ಕು. ದೂರದಿಂದ ಓದಲಾಗಲಿಲ್ಲ, ಆದರೂ ಹೆಬ್ಬೆರಳು ಒಮ್ಮೆ ಜುಮ್ಮೆಂದಿತು.

ಯುಗಾದಿಗೆ ಬರುತ್ತೇನೆ. ಪೆಟ್ಟಿಗೆಯ ಬೋರ್ಡನ್ನೂ ತರುತ್ತೇನೆ. ಬಸ್ಸಿನಿಂದ ಇಳಿಯುವಾಗ ಕೈಯಲ್ಲೇ ಹಿಡಿದಿರುತ್ತೇನೆ.

ಪರಮೇಶ್


ನೊಣವಿನಕೆರೆ
22 ನವೆಂಬರ್ 2006

ಪರಮೇಶಣ್ಣ,

ಫೋನಿನಲ್ಲೇ ಹೇಳಬಹುದಿತ್ತು. ಮಗಳು ಗಾನವಿ, "ಈಗ ಯಾರಮ್ಮ ಕಾಗದ ಬರೀತಾರೆ?" ಎಂದು ನಗುತ್ತಿದ್ದಾಳೆ. ಈ ಸುದ್ದಿಯನ್ನು ಮಾತ್ರ ಬರೆದೇ ಹೇಳಬೇಕು ಅನ್ನಿಸಿತು.

ಮಾವನವರು ಹೋಗಿ ಈ ಕಾರ್ತಿಕಕ್ಕೆ ಎರಡು ವರ್ಷ. ಕೊನೆಯವರೆಗೂ ಬುಧವಾರ, ಶನಿವಾರ ಬೋರ್ಡಿನ ಪಕ್ಕದ ಸೀಟಿನಲ್ಲೇ ಕೂತು ಮಂಡಿಗೆ ಹೋದರು. ಅವರ ನಂತರ ಕಾರು ಕೊಟ್ಟಿಗೆಯ ಮುಂದೆ ಬಿಸಿಲಿನಲ್ಲಿ ನಿಂತಿತ್ತು. ಹುಚ್ಚರಂಗಯ್ಯ ವಾರಕ್ಕೊಮ್ಮೆ ಬಂದು ಎಣ್ಣೆ ಬಳಿದು ಹೋಗುತ್ತಿದ್ದ, ಬೋರ್ಡಿನ ಸುತ್ತ ನಾಲ್ಕು ಬೆರಳು ಬಿಟ್ಟು. ಇವತ್ತು ಗುಜರಿಗೆ ಕೊಟ್ಟೆವು. ಹೊಸ ವ್ಯಾನಿನ ಮೇಲೆ ಬಣ್ಣದಲ್ಲೇ ಬರೆಸಿದ್ದೇವೆ, ಮನೆಯ ಹೆಸರಿನೊಂದಿಗೆ.

ಹತ್ತು ವರ್ಷದ ಬೋರ್ಡನ್ನು ನಾನೇ ಬಿಡಿಸಿದೆ. ಸುಲಭಕ್ಕೆ ಬರಲಿಲ್ಲ. ತಂದು ಅಡುಗೆಮನೆಯ ಫ್ರಿಜ್ಜಿಗೆ ಹಚ್ಚಿದ್ದೇನೆ. ಫ್ರಿಜ್ಜಿನ ಬಾಗಿಲಿನಿಂದ ಬಂದದ್ದು ಫ್ರಿಜ್ಜಿನ ಬಾಗಿಲಿಗೆ ಸೇರಿತು.

ವಾರಕ್ಕೊಮ್ಮೆಯಾದರೂ ತೆಗೆಯತಕ್ಕದ್ದು ಎಂದು ಬರೆದಿದ್ದೆ ನೀನು. ಒಂದು ವಾರವೂ ತೆಗೆಯಲಿಲ್ಲ. ನಿನ್ನ ಶಾಸ್ತ್ರ ಸುಳ್ಳಾಗಲಿಲ್ಲ. ಕಾರಿನ ಬಣ್ಣವೆಲ್ಲ ಒಣಗಿದ ಗರಿಯ ಹಾಗೆ ಮಾಸಿತ್ತು. ಬೋರ್ಡಿದ್ದ ಜಾಗದಲ್ಲಿ ಮಾತ್ರ, ಎರಡಡಿ ಉದ್ದ, ಒಂದಡಿ ಅಗಲ, ನಾಲ್ಕು ದುಂಡು ಮೂಲೆ, ಆಗ ತಾನೇ ಕೆಡವಿದ ಎಳನೀರಿನ ಹಸಿರು.

ಗುಜರಿಯವನು ಬೆರಳಲ್ಲಿ ಸವರಿ ನೋಡಿ, "ಇದೇನಮ್ಮ, ಇಲ್ಲಿ ಮಾತ್ರ ಹೊಸ್ದಾಗಿ ಪೈಂಟ್ ಹೊಡ್ಸಿದ್ರಾ?" ಎಂದು ಕೇಳಿದ.

"ಇಲ್ಲಪ್ಪ, ಇಷ್ಟು ಜಾಗಕ್ಕೆ ವಯಸ್ಸಾಗಿಲ್ಲ" ಅಂದೆ.

ನಿನ್ನ ತಂಗಿ,
ಗಿರಿಜಾ
ಪರಮಶಿವಯ್ಯನವರ ಮನೆ, ನೊಣವಿನಕೆರೆ